ಕಲೆ ಬಿದ್ದ ಫೋಟೊ: ಬಿಜಾಪುರದ ಮೋಡದ ಕಾಗದದಿಂದ ಮೊಬೈಲ್ ಗ್ರಂಜ್‌ವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಸಿಂದಗಿಯಿಂದ ಮಾತಾಡ್ತಾ ಇದ್ದೀನಿ.

ಇವತ್ತು ಒಂದು ಫೋಟೊದಿಂದ ಶುರು ಮಾಡ್ತೀನಿ. ನಮ್ಮ ಮನೆಯ ಪಡಸಾಲಿ ಗೋಡೆ ಮೇಲೆ ನಮ್ಮ ಮುತ್ಯಾನ ಫೋಟೊ ಇತ್ತು. ಬ್ಲ್ಯಾಕ್ ಆಂಡ್ ವೈಟ್. ತಲಿಗೆ ರುಮಾಲು, ದಪ್ಪ ಮೀಸಿ, ಕುರ್ಚಿ ಮೇಲೆ ಕೂತಾನ, ಎರಡೂ ಕೈ ತೊಡಿ ಮೇಲೆ. ಇಡೀ ಜೀವನದಾಗ ಅವನು ತೆಗೆಸಿಕೊಂಡಿದ್ದು ಅದೊಂದೇ ಫೋಟೊ. ನಾನು ಬಿ.ಕಾಂ. ಎರಡನೇ ವರ್ಷದಾಗ ಇದ್ದಾಗ ಒಂದು ಮಳೆಗಾಲ ಮಾಳಿಗೆ ಸೋರಿ ಫ್ರೇಮಿನೊಳಗ ನೀರು ಹೋಯ್ತು. ಫೋಟೊ ಗಾಜಿಗೆ ಅಂಟಿಕೊಂಡಿತು. ನಾನು ಶಾಣ್ಯಾ ಅಂತ ತಿಳ್ಕೊಂಡು ಅದನ್ನ ಒಂದು ಅಂಗಡಿಗೆ ಒಯ್ದೆ. ಅಲ್ಲಿಯ ಹುಡುಗ ಒಂದೇ ಸಲಕ್ಕೆ ಜಗ್ಗಿ ಬಿಡಿಸಿದ. ಮುತ್ಯಾನ ಎಡಗೆನ್ನಿ ಮತ್ತು ಅರ್ಧ ಮೀಸಿ ಗಾಜಿನ ಮೇಲೇ ಉಳಿದವು.

ಎರಡು ವರ್ಷದ ಹಿಂದೆ ಫೋನಿನಾಗ ಹಳೆ ಫೋಟೊ ಸರಿ ಮಾಡೋ ಒಂದು ಆ್ಯಪ್ ಸಿಕ್ತು. ಹರಿದ ಫೋಟೊ ಹಾಕಿದೆ, ಹತ್ತು ಸೆಕೆಂಡಿನಾಗ ಮುಖ ಪೂರ್ತಿ ಬಂತು. ಚರ್ಮ ನುಣುಪು, ಮೀಸಿ ಸಮ, ಕಣ್ಣಾಗ ಹೊಳಪು. ಖುಷಿಯಾಗಿ ಓಡಿ ಹೋಗಿ ನಮ್ಮ ಆಯಿಗೆ ತೋರಿಸಿದೆ. ಆಕೆ ಫೋನನ್ನ ಕಣ್ಣಿಗೆ ಹತ್ರ ಹಿಡಿದು ಬಾಳ ಹೊತ್ತು ನೋಡಿದಳು.

“ಇಂವ ಯಾರೋ ತಮ್ಮಾ?” ಅಂದಳು. “ಚಂದ ಅದಾನ. ಆದ್ರ ನಿಮ್ಮ ಮುತ್ಯಾ ಅಲ್ಲ.”

ಇವತ್ತಿನ ಸಂಚಿಕೆ ಆ ಮಾತಿನ ಬಗ್ಗೆ. ಆ್ಯಪ್ ಮಾಡಿದ್ದು ಏನಂದ್ರೆ, ಇಲ್ಲದ ಗೆನ್ನಿಯನ್ನ ಬೇರೆ ಸಾವಿರಾರು ಮುಖ ನೋಡಿ ಅಂದಾಜು ಮಾಡಿ ತುಂಬಿತ್ತು. ಅಂದಾಜು ಚಂದ ಇತ್ತು, ಖರೆ ಇರಲಿಲ್ಲ. ಆಮೇಲೆ ನಾನು ಹುಡುಕ್ತಾ ಹುಡುಕ್ತಾ ಹೋಗಿದ್ದು ಗ್ರಂಜ್ ಅನ್ನೋ ಶೈಲಿಗೆ. ಅದು ಫೋಟೊದ ಗಾಯ ಮುಚ್ಚೋ ಶೈಲಿ ಅಲ್ಲ, ಗಾಯವನ್ನ ಕಾಣೋ ಹಂಗೆ ಇಟ್ಟು ಅದರಿಂದಲೇ ಚಿತ್ರ ಕಟ್ಟೋ ಶೈಲಿ. ಕನ್ನಡದಾಗ ‘ಕಲೆ’ ಅನ್ನೋ ಒಂದೇ ಶಬ್ದಕ್ಕೆ ಎರಡು ಅರ್ಥ ಅದಾವಲ್ರಿ: ಅಂಗಿ ಮೇಲೆ ಬೀಳೋ ಕಲೆನೂ ಕಲೆ, ಚಿತ್ರಕಲೆನೂ ಕಲೆ. ಗ್ರಂಜ್ ಅನ್ನೋದು ಆ ಎರಡು ಅರ್ಥ ಕೂಡೋ ಜಾಗ.

ನಮ್ಮೂರಿಂದ 60 ಕಿಲೋಮೀಟರ್, 400 ವರ್ಷ

ಗ್ರಂಜ್ ಅಂದ ಕೂಡಲೇ ಎಲ್ಲರೂ ಅಮೆರಿಕಾ ಅಂತಾರೆ. ಅಲ್ಲಿಗೂ ಹೋಗೋಣ. ಆದ್ರೆ ಮೊದಲು ಸಿಂದಗಿಯಿಂದ ಸುಮಾರು 60 ಕಿಲೋಮೀಟರ್ ದೂರದ ವಿಜಯಪುರಕ್ಕೆ, ಆಗಿನ ಬಿಜಾಪುರಕ್ಕೆ ಹೋಗಿ ಬರೋಣ. ಗೋಳಗುಮ್ಮಟ ನೋಡಾಕ ಅಲ್ಲ. ಒಂದು ಕಾಗದ ನೋಡಾಕ.

ಆದಿಲ್‌ಶಾಹಿ ದೊರೆ ಎರಡನೇ ಇಬ್ರಾಹಿಂ 1580ರಿಂದ 1627ರವರೆಗೆ ಆಳಿದ. ಸಂಗೀತ, ಚಿತ್ರ ಎರಡರ ಹುಚ್ಚೂ ಇದ್ದ ಮನುಷ್ಯ. 17ನೇ ಶತಮಾನದ ಮೊದಲ ಭಾಗದಲ್ಲಿ ಬಿಜಾಪುರದ ಕಲಾವಿದರು ಒಂದು ವಿಚಿತ್ರ ಕೆಲಸ ಮಾಡ್ತಿದ್ದರು. ಅದಕ್ಕೆ ಪಾರ್ಸಿಯಲ್ಲಿ ‘ಅಬ್ರಿ’ ಅಂತಾರೆ. ಅಬ್ರ್ ಅಂದ್ರೆ ಮೋಡ. ಮೋಡದ ಕಾಗದ.

ಮಾಡೋ ರೀತಿ ಕೇಳ್ರಿ. ಅಗಲ ತಟ್ಟೆಯಲ್ಲಿ ನೀರು. ಆ ನೀರಿಗೆ ಲೋಳೆ ಬೆರೆಸಿ ಗಟ್ಟಿ ಮಾಡಬೇಕು. ಅದಕ್ಕೆ ಮೆಂತ್ಯೆ ನೆನೆಸಿದ ಲೋಳೆಯನ್ನೂ ಬಳಸ್ತಿದ್ದರು, ನಮ್ಮ ಅಡುಗೆಮನೆಯ ಮೆಂತ್ಯೆನೇ. ಅದರ ಮೇಲೆ ಬಣ್ಣದ ಹನಿ ಬಿಟ್ಟರೆ ಬಣ್ಣ ಮುಳುಗದೆ ತೇಲ್ತದೆ. ಕಡ್ಡಿಯಿಂದಲೋ ಬಾಚಣಿಗೆಯಿಂದಲೋ ಎಳೆದರೆ ಮೋಡದ ಹಂಗೆ, ಕಲ್ಲಿನ ಗೆರೆಯ ಹಂಗೆ ಹರಡ್ತದೆ. ಮೇಲೆ ಮೆಲ್ಲಗೆ ಕಾಗದ ಇಟ್ಟು ಎತ್ತಿದರೆ ಆ ಹರಡಿದ ಬಣ್ಣ ಕಾಗದಕ್ಕೆ ಬರ್ತದೆ. ಒಮ್ಮೆ ಬಂದದ್ದು ಇನ್ನೊಮ್ಮೆ ಹಂಗೇ ಬರಲ್ಲ.

ಇರಾನಿನಲ್ಲೂ ತುರ್ಕಿಯಲ್ಲೂ ಇಂಥ ಕಾಗದ ಇತ್ತು. ಹೆಚ್ಚಾಗಿ ಪುಸ್ತಕದ ಅಂಚಿಗೆ, ಅಲಂಕಾರಕ್ಕೆ. ಬಿಜಾಪುರದವರು ಅದರಿಂದ ಮನುಷ್ಯರನ್ನ, ಪ್ರಾಣಿಗಳನ್ನ ಮಾಡಿದರು. ಬಣ್ಣ ಎಲ್ಲಿ ಹತ್ತಬಾರದೋ ಅಲ್ಲಿ ಕೊರೆದ ಕಾಗದದ ಅಚ್ಚಿನಿಂದಲೋ ಗೋಂದಿನಿಂದಲೋ ತಡೆ ಹಾಕೋದು. ಆಗ ಮೋಡದಂಥ ಬಣ್ಣ ಕುದುರೆಯ ಆಕಾರದೊಳಗೆ ಮಾತ್ರ ಇಳೀತದೆ. ಆಮೇಲೆ ಸಣ್ಣ ಕುಂಚದಿಂದ ಗೆರೆ ಎಳೆದು ಮುಗಿಸೋದು.

ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಇಂಥ ಒಂದು ಚಿತ್ರ ಅದೆ. ಬಡಕಲು ಕುದುರೆ, ಮೇಲೊಬ್ಬ ಸವಾರ. ಸುಮಾರು 1625ರದ್ದು, ಬಿಜಾಪುರದ್ದು ಅಂತ ಗುರುತಿಸ್ಯಾರೆ. ಸೂಫಿಗಳ ವಿಚಾರದಲ್ಲಿ ಬಡಕಲು ಕುದುರೆ ಅಂದ್ರೆ ಹಸಿವಿಗೆ ಸಿಕ್ಕ ನಮ್ಮ ಆಸೆ. ಎಲುಬು ಕಾಣೋ ಮೈಗೆ ನುಣುಪಾದ ಬಣ್ಣ ಹಚ್ಚಿದ್ರೆ ಆ ಭಾವ ಬರ್ತಿರಲಿಲ್ಲ. ಒಡೆದ, ಹರಡಿದ, ಕದಡಿದ ಬಣ್ಣಕ್ಕೆ ಆ ಶಕ್ತಿ.

ಈಗ ಇದನ್ನೇ ಫೋನಿನ ಭಾಷೆಯಲ್ಲಿ ಹೇಳ್ತೀನಿ. ತೇಲೋ ಬಣ್ಣ ಅಂದ್ರೆ ಟೆಕ್ಸ್ಚರ್. ಕೊರೆದ ಅಚ್ಚು ಅಂದ್ರೆ ಮಾಸ್ಕ್. ಮೇಲೆ ಎಳೆದ ಗೆರೆ ಅಂದ್ರೆ ಮೇಲಿನ ಲೇಯರ್. ಗ್ರಂಜ್ ಕಲಿಸೋ ಯಾವ ವಿಡಿಯೊ ನೋಡಿದ್ರೂ ಈ ಮೂರೇ ಹೆಜ್ಜೆ. ನಮ್ಮ ಪಕ್ಕದೂರಿನವರು ಕರೆಂಟು ಇಲ್ಲದೆ, ಮೆಂತ್ಯೆ ನೀರಿನಲ್ಲಿ 400 ವರ್ಷದ ಹಿಂದೆ ಮಾಡಿ ಇಟ್ಟಿದ್ದರು.

ಕ್ಯಾಮೆರಾ ಬಿಜಾಪುರಕ್ಕೆ ಬಂತು

ಈಗ 230 ವರ್ಷ ಮುಂದಕ್ಕೆ ಬರ್ರಿ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಫೋಟೊಗ್ರಫಿ ಜಗತ್ತಿಗೆ ಗೊತ್ತಾಯ್ತು. 1855ರಲ್ಲಿ ಬಾಂಬೆ ಸರ್ಕಾರ ಥಾಮಸ್ ಬಿಗ್ಸ್ ಅನ್ನೋ ಸೈನ್ಯಾಧಿಕಾರಿಗೆ ಹಳೆ ಕಟ್ಟಡಗಳ ಫೋಟೊ ತೆಗೆಯೋ ಕೆಲಸ ಕೊಟ್ಟಿತು. ಅವನು ಬಿಜಾಪುರ, ಬಾದಾಮಿ, ಐಹೊಳೆ ತಿರುಗಿದ. 1866ರಲ್ಲಿ ಲಂಡನ್ನಿನಲ್ಲಿ ಬಿಜಾಪುರದ ವಾಸ್ತುಶಿಲ್ಪದ ಬಗ್ಗೆ ಒಂದು ದೊಡ್ಡ ಪುಸ್ತಕ ಬಂತು. ಅದರಲ್ಲಿ ಬಿಗ್ಸ್ ಫೋಟೊಗಳು ಇದ್ದವು. ಇತಿಹಾಸದ ಭಾಗ ಬರೆದವನು ಮೆಡೋಸ್ ಟೇಲರ್. ಅದೇರಿ, ನಮ್ಮ ಸುರಪುರದಲ್ಲಿ ಆಡಳಿತ ನೋಡಿಕೊಂಡಿದ್ದ ಟೇಲರ್ ಸಾಹೇಬ.

ಬಿಗ್ಸ್ ಕಾಗದದ ನೆಗೆಟಿವ್ ಬಳಸಿದ. ಗಾಜಲ್ಲ, ಪ್ಲಾಸ್ಟಿಕ್ ಅಲ್ಲ, ಕಾಗದ. ಕಾಗದಕ್ಕೆ ನಾರು ಇರ್ತದೆ. ಪ್ರಿಂಟ್ ಹಾಕುವಾಗ ಬೆಳಕು ಆ ನಾರಿನ ನಡುವೆ ಹಾದು ಬರೋದ್ರಿಂದ ಇಂಥ ಫೋಟೊಗಳಲ್ಲಿ ಸಣ್ಣ ಮರಳು ಚೆಲ್ಲಿದ ಹಂಗೆ ಒಂದು ಒರಟುತನ ಕಾಣ್ತದೆ. ಇವತ್ತು ನಾವು ಆ್ಯಪ್‌ನಲ್ಲಿ ‘ಗ್ರೇನ್’ ಅನ್ನೋ ಬಟನ್ ಎಳೆದು ತರೋ ಒರಟುತನ ಅಂದಿನವರಿಗೆ ಬೇಡಾಂದ್ರೂ ಬರ್ತಿತ್ತು.

ಇನ್ನೊಂದು ಗುಟ್ಟು ಆಕಾಶದ್ದು. ಆ ಕಾಲದ ರಾಸಾಯನಿಕಕ್ಕೆ ನೀಲಿ ಬಣ್ಣ ಅಂದ್ರೆ ವಿಪರೀತ ಸಲುಗೆ. ಕಟ್ಟಡ ಸರಿ ಬರೋವಷ್ಟು ಹೊತ್ತು ಕ್ಯಾಮೆರಾ ತೆರೆದಿಟ್ಟರೆ ಆಕಾಶ ಕಲೆಕಲೆಯಾಗಿ ಕೆಡ್ತಿತ್ತು. ಅದಕ್ಕೆ ಎಷ್ಟೋ ಫೋಟೊಗ್ರಾಫರ್‌ಗಳು ನೆಗೆಟಿವ್ ಮೇಲೆ ಆಕಾಶದ ಜಾಗಕ್ಕೆ ಕಪ್ಪು ಶಾಯಿ ಬಳೀತಿದ್ದರು. ಪ್ರಿಂಟಿನಲ್ಲಿ ಅದು ಬಿಳಿ ಬರ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಪ್ರಿಂಟಿನಲ್ಲಿ ಜೋಡಿಸಿದ. 1857ರಲ್ಲಿ ಇಂಗ್ಲೆಂಡಿನ ಆಸ್ಕರ್ ರೈಲಾಂಡರ್ 30ಕ್ಕೂ ಹೆಚ್ಚು ನೆಗೆಟಿವ್ ಸೇರಿಸಿ ಒಂದೇ ಚಿತ್ರ ಮಾಡಿದ. ಅಂದ್ರೆ “ಮೊದಲು ಫೋಟೊ ಸುಳ್ಳು ಹೇಳ್ತಿರಲಿಲ್ಲ, ಈಗ ಫೋಟೊಶಾಪ್ ಬಂದು ಕೆಟ್ಟೋಯ್ತು” ಅನ್ನೋ ಮಾತು ತಪ್ಪು. ಫೋಟೊ ತಿದ್ದೋದು ಫೋಟೊದಷ್ಟೇ ಹಳೇದು.

ಸ್ಟುಡಿಯೊದ ಕತ್ತರಿ, ಬರ್ಲಿನ್ನಿನ ಚಾಕು

ನಮ್ಮ ಊರುಗಳ ಸ್ಟುಡಿಯೊ ನೆನಪು ಮಾಡ್ಕೊಳ್ರಿ. ಹಿಂದೆ ಬಣ್ಣದ ಪರದೆ: ಅರಮನೆ, ಕೆರೆ, ಮೆಟ್ಟಿಲು. ಕತ್ತಲೆ ಕೋಣೆಯಿಂದ ನೆಗೆಟಿವ್ ಹೊರಗೆ ಬಂದ ಮೇಲೆ ಸ್ಟುಡಿಯೊದವರು ಚೂಪು ಪೆನ್ಸಿಲ್ ಹಿಡಿದು ಅದರ ಮೇಲೇ ಮೊಡವೆ, ಸುಕ್ಕು ಅಳಿಸ್ತಿದ್ದರು. ಕಲರ್ ಫಿಲಂ ಇಲ್ಲದ ಕಾಲದಲ್ಲಿ ಕಪ್ಪು-ಬಿಳಿ ಪ್ರಿಂಟಿಗೆ ಕೈಯಿಂದ ಬಣ್ಣ ಹಚ್ಚೋರು. ಭಾರತದಲ್ಲಿ 1860ರ ದಶಕದಿಂದಲೇ ಫೋಟೊ ಮೇಲೆ ದಪ್ಪಗೆ ಬಣ್ಣ ಹಚ್ಚಿ ಚಿತ್ರದ ಹಂಗೆ ಮಾಡೋ ಪದ್ಧತಿ ಇತ್ತು. ಕೆಲವು ಕಡೆ ಕೆಳಗೆ ಫೋಟೊ ಅದೆ ಅನ್ನೋದೇ ಗೊತ್ತಾಗಲ್ಲ.

ಇನ್ನೊಂದು ಕೆಲಸ ಇತ್ತು, ಜೋಡಿ ಫೋಟೊ. ಗಂಡ ತೀರಿಕೊಂಡಾನೆ, ಹೆಂಡತಿಯ ಜೊತೆ ಒಂದು ಫೋಟೊನೂ ಇಲ್ಲ. ಅವನ ಗುರುತಿನ ಚೀಟಿಯ ಸಣ್ಣ ಫೋಟೊ, ಈಕೆಯ ಬೇರೆ ಫೋಟೊ, ಎರಡನ್ನೂ ಕತ್ತರಿಸಿ, ಅಂಟಿಸಿ, ಅಂಚಿಗೆ ಬಣ್ಣ ಹಚ್ಚಿ, ಮತ್ತೆ ಫೋಟೊ ತೆಗೆದು ದೊಡ್ಡದು ಮಾಡಿ ಕೊಡೋರು. ಜೀವನದಲ್ಲಿ ಎಂದೂ ಕೋಟು ಹಾಕದವನಿಗೆ ಕೋಟು. ಅದು ಮೋಸ ಅಂತ ಯಾರೂ ಅಂದುಕೊಳ್ಳಲಿಲ್ಲ. ಮನೆಯವರಿಗೆ ಅದು ಜೋಡಿಸಿದ್ದು ಅಂತ ಗೊತ್ತಿತ್ತು. ಗೊತ್ತಿದ್ದೂ ಬೇಕಾಗಿತ್ತು. ಈ ಮಾತು ನೆನಪಿಟ್ಕೊಳ್ರಿ, ಕೊನೆಗೆ ಬೇಕಾಗ್ತದೆ.

ಹಂಗೆ ಜೋಡಣೆಯ ಗುರುತು ಅಳಿಸೋದು ಸ್ಟುಡಿಯೊದವರ ಜಾಣತನ. ಮೊದಲ ಮಹಾಯುದ್ಧ ಮುಗಿದ ಮೇಲೆ ಬರ್ಲಿನ್ನಿನಲ್ಲಿ ಇದರ ಉಲ್ಟಾ ನಡೀತು. ಹಾನಾ ಹೋಖ್ ಅನ್ನೋ ಕಲಾವಿದೆ ಪತ್ರಿಕೆಗಳ ಫೋಟೊ ಕತ್ತರಿಸಿ, ಮಂತ್ರಿಯ ತಲೆ ಒಂದು ಕಡೆ, ಯಂತ್ರದ ಗಾಲಿ ಇನ್ನೊಂದು ಕಡೆ ಅಂಟಿಸಿದಳು. 1920ರಲ್ಲಿ ಪ್ರದರ್ಶನಕ್ಕೆ ಇಟ್ಟ ಆಕೆಯ ಚಿತ್ರದ ಹೆಸರಲ್ಲೇ ಅಡುಗೆಮನೆಯ ಚಾಕು ಇತ್ತು. ಆಕೆ ಕತ್ತರಿಸಿದ ಅಂಚನ್ನ ಮುಚ್ಚಲಿಲ್ಲ. ಒಡೆದ ದೇಶದ ಚಿತ್ರ ಒಡೆದ ಹಂಗೇ ಕಾಣಬೇಕು, ಹೌದಲ್ರಿ? ಗ್ರಂಜ್‌ಗೆ ಈಕೆ ದೊಡ್ಡವ್ವ ಇದ್ದಂಗೆ.

ಸಿಯಾಟಲ್ ಮತ್ತು ಬಿ.ಕಾಂ. ಲೆಕ್ಕ

ಈಗ ಅಮೆರಿಕಾ. 80ರ ದಶಕದ ಕೊನೆಗೆ ಸಿಯಾಟಲ್ ಊರಿನಲ್ಲಿ ಒಂದು ಥರದ ರಾಕ್ ಸಂಗೀತ ಹುಟ್ಟಿತು. ಗಿಟಾರ್ ಕರಕರ, ಬಟ್ಟೆ ಹಳೇದು, ದನಿ ಒಡೆದದ್ದು. ಅದಕ್ಕೆ ಗ್ರಂಜ್ ಅಂದ್ರು. ಗ್ರಂಜ್ ಅಂದ್ರೆ ಕೊಳೆ, ಜಿಡ್ಡು. 1991ರಲ್ಲಿ ನಿರ್ವಾಣ ತಂಡದ ‘ನೆವರ್‌ಮೈಂಡ್’ ಆಲ್ಬಂ ಬಂದ ಮೇಲೆ ಜಗತ್ತಿಗೆಲ್ಲ ಹಬ್ಬಿತು. 1992ರಲ್ಲಿ ‘ರೇ ಗನ್’ ಅನ್ನೋ ಸಂಗೀತ ಪತ್ರಿಕೆ ಶುರುವಾಯ್ತು. ಅದರ ವಿನ್ಯಾಸಕಾರ ಡೇವಿಡ್ ಕಾರ್ಸನ್. ಅಕ್ಷರ ಒಂದರ ಮೇಲೊಂದು, ಫೋಟೊ ಮಸುಕು, ಸಾಲು ಹರಿದದ್ದು. ಒಂದು ಸಂದರ್ಶನ ಬೇಜಾರು ಅನ್ನಿಸಿತು ಅಂತ ಅದನ್ನ ಪೂರ್ತಿ ಚಿಹ್ನೆಗಳ ಫಾಂಟಿನಲ್ಲಿ ಅಚ್ಚು ಹಾಕಿಸಿಬಿಟ್ಟ. ಓದಾಕ ಆಗಲ್ಲ! ಎಲ್ಲವೂ ಹೊಳೀತಿದ್ದ ಜಾಹೀರಾತಿನ ಲೋಕದ ನಡುವೆ ಅವರು ಬೇಕಂತಲೇ ಕೊಳೆ ಹಿಡಿದು ನಿಂತರು.

ಅದೇ ಹೊತ್ತಿಗೆ ಉಪಕರಣವೂ ಸಿದ್ಧ ಆಯ್ತು. ಥಾಮಸ್ ನೋಲ್, ಜಾನ್ ನೋಲ್ ಅನ್ನೋ ಅಣ್ಣತಮ್ಮಂದಿರು ಮಾಡಿದ ಫೋಟೊಶಾಪ್ 1990ರ ಫೆಬ್ರವರಿಯಲ್ಲಿ ಮಾರುಕಟ್ಟೆಗೆ ಬಂತು. ಲೇಯರ್ ಬಂದದ್ದು 1994ರಲ್ಲಿ. ಅಲ್ಲಿಯವರೆಗೆ ಒಂದರ ಮೇಲೆ ಒಂದು ಅಂಟಿಸಿದರೆ ಕೆಳಗಿನದು ಹೋಯ್ತು ಅಂತಲೇ ಲೆಕ್ಕ. ಲೇಯರ್ ಬಂದ ಮೇಲೆ ಗೋಡೆಯ ಫೋಟೊವನ್ನ ಮುಖದ ಫೋಟೊ ಮೇಲಿಟ್ಟು, ಬೇಕಾದಷ್ಟೇ ಕಾಣಿಸಿ, ಬೇಡಾದ್ರೆ ತೆಗೆದು ಬಿಡಬಹುದು.

ಎರಡು ಫೋಟೊ ಹೆಂಗೆ ಬೆರೀತಾವೆ? ಇದು ಪಕ್ಕಾ ನಮ್ಮ ಬಿ.ಕಾಂ. ಲೆಕ್ಕ. ಕಪ್ಪಿಗೆ 0, ಬಿಳಿಗೆ 1, ನಡುವಿನ ಬೂದಿಗೆ 0.5 ಅಂತ ಇಟ್ಕೊಳ್ರಿ. ಮಲ್ಟಿಪ್ಲೈ ಅಂದ್ರೆ ಗುಣಾಕಾರ. ಬೂದಿ ಮೇಲೆ ಬೂದಿ ಬಿದ್ರೆ 0.5 ಗುಣಿಸು 0.5, ಅಂದ್ರೆ 0.25. ಚಿತ್ರ ಕಪ್ಪಾಗ್ತದೆ. ಟೆಕ್ಸ್ಚರ್‌ನಲ್ಲಿ ಬಿಳಿ ಇರೋ ಕಡೆ 1ರಿಂದ ಗುಣಿಸಿದಂಗೆ, ಮುಖ ಇದ್ದ ಹಂಗೇ ಉಳೀತದೆ. ಅದಕ್ಕೇ ಬಿಳಿ ಗೋಡೆ ಮೇಲಿನ ಕಪ್ಪು ಕಲೆ ಹಾಕಬೇಕಾದ್ರೆ ಮಲ್ಟಿಪ್ಲೈ. ಸ್ಕ್ರೀನ್ ಇದರ ಉಲ್ಟಾ: ಕಪ್ಪು ಮಾಯ ಆಗಿ ಬಿಳಿ ಉಳೀತದೆ. ಕಪ್ಪು ಹಿನ್ನೆಲೆಯ ಬಿಳಿ ಗೀರು, ಧೂಳು ಹಾಕಾಕ ಸ್ಕ್ರೀನ್. ಓವರ್‌ಲೇ ಅಂದ್ರೆ ಎರಡೂ ಸೇರಿ: ಕೆಳಗಿನ ಚಿತ್ರ ಕಪ್ಪಿದ್ದ ಕಡೆ ಇನ್ನೂ ಕಪ್ಪು, ಬೆಳಕಿದ್ದ ಕಡೆ ಇನ್ನೂ ಬೆಳಕು. ಈ ಮೂರು ತಿಳಿದ್ರೆ ಅರ್ಧ ಗ್ರಂಜ್ ಬಂತು.

ನಮ್ಮ ಗೋಡೆ, ನಮ್ಮ ಹೊಲ

2016ರಲ್ಲಿ ಜಿಯೊ ಬಂದು ಡೇಟಾ ಅಗ್ಗ ಆಯ್ತು. ಆಗಿನ ನಮ್ಮ ಹುಡುಗರ ಹುಚ್ಚು ನೆನಪದೆ ಏನ್ರಿ? ಸಿಬಿ ಎಡಿಟ್! ಪಿಕ್ಸ್‌ಆರ್ಟ್‌ನಲ್ಲಿ ತನ್ನ ಫೋಟೊ ಕತ್ತರಿಸಿ, ಹಿಂದೆ ಡೌನ್‌ಲೋಡ್ ಮಾಡಿದ ವಿದೇಶಿ ರಸ್ತೆ, ಪಕ್ಕದಲ್ಲಿ ಬೈಕು, ಮುಖ ಹಾಲಿನಂಗೆ ಬೆಳ್ಳಗೆ. ನಾನೂ ಮಾಡೀನಿ, ನಗಬ್ಯಾಡ್ರಿ. ಅವತ್ತು ನಾವು ಕಲಿತದ್ದು ಕಡಿಮೆ ಏನಲ್ಲ. ಕತ್ತರಿಸೋದು, ಬೆರೆಸೋದು, ಎಲ್ಲ ಬಂತು. ಆದ್ರೆ ನಮ್ಮ ಬಣ್ಣ, ನಮ್ಮ ರಸ್ತೆ ಎಲ್ಲಾ ಮುಚ್ಚಿಟ್ವಿ.

ಗ್ರಂಜ್‌ನಲ್ಲೂ ಅದೇ ತಪ್ಪು ಆಗಬಹುದು. ಗೂಗಲ್‌ನಲ್ಲಿ ಟೆಕ್ಸ್ಚರ್ ಅಂತ ಹುಡುಕಿದ್ರೆ ಯಾವುದೋ ದೇಶದ ಕಾರ್ಖಾನೆ ಗೋಡೆ ಬರ್ತದೆ. ಯಾಕ್ರಿ ಬೇಕು ಅದು? ನಮ್ಮಲ್ಲಿ ಏನು ಕಡಿಮೆ ಐತಿ? ಬಸ್‌ಸ್ಟ್ಯಾಂಡಿನ ಗೋಡೆ ಮೇಲೆ ಒಂದರ ಮೇಲೊಂದು ಹಚ್ಚಿ ಹರಿದ ಪೋಸ್ಟರ್. ಜಂಗು ಹಿಡಿದ ಟ್ರಂಕು. ನೀಲಿ ಸುಣ್ಣ ಎದ್ದು ಬಂದ ಗೋಡೆ. ಪಡಸಾಲಿಯ ಶಹಾಬಾದ್ ಫರ್ಸಿ. ಬ್ಯಾಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡೋ ನಮ್ಮ ಎರಿ ಹೊಲ. ಫೋನ್ ತಗೊಂಡು ಹೊರಗೆ ಬರ್ರಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಬಿರುಕು ಚಲೋ ಕಾಣ್ತದೆ. ಮಟಮಟ ಮಧ್ಯಾಹ್ನ ಬ್ಯಾಡ.

ಮಾಡೋ ಕ್ರಮ ಹೇಳಿಬಿಡ್ತೀನಿ.

ಮೊದಲು ಮೂಲ ಫೋಟೊದ ಒಂದು ಕಾಪಿ ಬೇರೆ ಫೋಲ್ಡರಿನಲ್ಲಿ ಇಡ್ರಿ. ಅದನ್ನ ಮುಟ್ಟಬ್ಯಾಡ್ರಿ.

ಎರಡನೇದು, ಕಾಪಿಯ ಬಣ್ಣ ಇಳಿಸ್ರಿ, ಕಾಂಟ್ರಾಸ್ಟ್ ಸ್ವಲ್ಪ ಏರಿಸ್ರಿ.

ಮೂರನೇದು, ಸ್ನ್ಯಾಪ್‌ಸೀಡ್ ಇದ್ರೆ ಡಬಲ್ ಎಕ್ಸ್‌ಪೋಶರ್, ಪಿಕ್ಸ್‌ಆರ್ಟ್ ಇದ್ರೆ ಆ್ಯಡ್ ಫೋಟೊ. ನಿಮ್ಮ ಟೆಕ್ಸ್ಚರ್ ಮೇಲೆ ಇಡ್ರಿ. ಸ್ನ್ಯಾಪ್‌ಸೀಡ್‌ನಲ್ಲಿ ಡಾರ್ಕನ್ ಅಥವಾ ಓವರ್‌ಲೇ, ಪಿಕ್ಸ್‌ಆರ್ಟ್‌ನಲ್ಲಿ ಮಲ್ಟಿಪ್ಲೈ ನೋಡ್ರಿ. ಸ್ನ್ಯಾಪ್‌ಸೀಡ್‌ನಲ್ಲಿ ಗ್ರಂಜ್ ಅಂತಲೇ ಒಂದು ರೆಡಿ ಫಿಲ್ಟರ್ ಅದೆ. ಕಲಿಯಾಕ ಒಮ್ಮೆ ಒತ್ತಿ ನೋಡ್ರಿ, ಆದ್ರೆ ಅದರ ಮೇಲೇ ನಿಲ್ಲಬ್ಯಾಡ್ರಿ. ಅದು ಎಲ್ಲರ ಫೋಟೊಕ್ಕೂ ಒಂದೇ ಕೊಳೆ ಬಳೀತದೆ.

ನಾಲ್ಕನೇದು ಮಾಸ್ಕ್, ಅಂದ್ರೆ ಬಿಜಾಪುರದ ಅಚ್ಚು. ಕಣ್ಣಿನ ಮೇಲಿಂದ ಟೆಕ್ಸ್ಚರ್ ಅಳಿಸ್ರಿ. ಒಂದು ಮುಖದಲ್ಲಿ ಎಲ್ಲಾ ಕಡೆ ಕಲೆ ಇದ್ರೆ ಅದು ಬರೀ ಹೊಲಸು. ನೋಡುಗನ ಕಣ್ಣು ನಿಲ್ಲಾಕ ಒಂದು ಜಾಗವಾದ್ರೂ ಬೇಕು.

ಐದನೇದು, ಸಾಕು ಅನ್ನಿಸಿದಾಗ ಫೋನ್ ಕೆಳಗಿಡ್ರಿ. ಮರುದಿನ ನೋಡ್ರಿ. ಅರ್ಧ ಕಲೆ ತೆಗೀಬೇಕು ಅನ್ನಿಸ್ತದೆ. ತೆಗೀರಿ.

ಖರೆ, ಸುಳ್ಳು, ಮುತ್ಯಾ

ಒಂದು ಎಚ್ಚರಿಕೆ. ನಿನ್ನೆ ತೆಗೆದ ಫೋಟೊಕ್ಕೆ ಇದೇ ಗೀರು, ಇದೇ ಹಳದಿ ಹಚ್ಚಿ “1947ರ ಅಪರೂಪದ ಚಿತ್ರ” ಅಂತ ವಾಟ್ಸಾಪ್‌ಗೆ ಬಿಡೋರು ಅದಾರೆ. ಕೈಚಳಕ ಒಂದೇ, ಕೆಲಸ ಬೇರೆ. ಜೋಡಿ ಫೋಟೊ ನೋಡೋ ಮನೆಯವರಿಗೆ ಅದು ಜೋಡಿಸಿದ್ದು ಅಂತ ಗೊತ್ತಿತ್ತು ಅಂದೆನಲ್ರಿ? ಗೆರೆ ಇರೋದು ಅಲ್ಲೇ. ನೋಡುವವನಿಗೆ ಇದು ಮಾಡಿದ್ದು ಅಂತ ಗೊತ್ತಾಗಬೇಕು. ಗೊತ್ತಾದ್ರೆ ಕಲೆ, ಮುಚ್ಚಿಟ್ರೆ ಮೋಸ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ ಫೋಟೊ ಗಾಜಿಗೆ ಅಂಟಿದ್ರೆ ದಯವಿಟ್ಟು ಜಗ್ಗಬ್ಯಾಡ್ರಿ. ಫೋಟೊ ಮೇಲಿನ ಜೆಲಾಟಿನ್ ಪದರ ನೀರು ಕುಡಿದು ಉಬ್ಬಿ ಗಾಜಿಗೆ ಹತ್ತಿರ್ತದೆ, ಜಗ್ಗಿದ್ರೆ ಚಿತ್ರವೇ ಎದ್ದು ಬರ್ತದೆ. ಮೊದಲು ಗಾಜಿನ ಮೇಲಿಂದಲೇ ಒಂದು ಚಲೋ ಫೋಟೊ ತೆಗೀರಿ. ಆಲ್ಬಮ್‌ನಲ್ಲಿರೋ 70-80ರ ದಶಕದ ಕಲರ್ ಫೋಟೊಗಳನ್ನೂ ಈಗಲೇ ತೆಗೆದಿಟ್ಕೊಳ್ರಿ. ಎಷ್ಟೋ ಫೋಟೊಗಳಲ್ಲಿ ನೀಲಿ ಮೊದಲು ಹೋಗಿ ಎಲ್ಲಾ ಕೆಂಪಗೆ ತಿರುಗ್ತದೆ.

ಕೊನೆಗೆ ಮುತ್ಯಾ. ಆ್ಯಪ್ ಮಾಡಿದ ಮುಖ ಅಳಿಸಿದೆ. ಹರಿದ ಫೋಟೊವನ್ನೇ ಮತ್ತೆ ತಗೊಂಡೆ. ಉಳಿದ ಅರ್ಧ ಮುಖಕ್ಕೆ ಏನೂ ಮಾಡಲಿಲ್ಲ. ಹೋದ ಗೆನ್ನಿಯ ಜಾಗಕ್ಕೆ ನಮ್ಮದೇ ಹೊಲದ ಬ್ಯಾಸಿಗೆ ಬಿರುಕಿನ ಫೋಟೊ ಇಟ್ಟೆ. ಅವನು ಜೀವನಪೂರ್ತಿ ಬಿತ್ತಿದ ಹೊಲ. ಹರಿದ ಅಂಚು ಹಂಗೇ ಬಿಟ್ಟೆ, ಬಿರುಕು ಅಲ್ಲಿಂದ ಶುರುವಾಗೋ ಹಂಗೆ ಜೋಡಿಸಿದೆ. ಪ್ರಿಂಟ್ ಹಾಕಿಸಿ ಆಯಿಗೆ ಕೊಟ್ಟೆ.

ಆಕೆ ಮೊದಲು ಮುಖ ನೋಡಿದಳು. ಆಮೇಲೆ ಬಿರುಕಿನ ಮೇಲೆ ಬೆರಳಾಡಿಸಿದಳು.

“ಇದು ನಮ್ಮ ಹೊಲ ಅಲ್ಲೇನೋ?”

“ಹೌದು ಆಯಿ.”

ಬಾಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಅಂದಳು: “ಕಟ್ಟು ಹಾಕಿಸೋ ಮುಂದ ಗಾಜಿಗೆ ಹತ್ತದಂಗ ಸಂದಿ ಬಿಡಾಕ ಹೇಳು. ಹ್ವಾದ ಸಲದಂಗ ಮಾಡಬ್ಯಾಡ.”

ಸಂದಿ ಬಿಡಿಸೀನಿ. ಪಡಸಾಲಿಯಲ್ಲಿ ಅದೇ ಜಾಗದಲ್ಲಿ ಅದೆ.

ಈ ವಾರ ನಿಮ್ಮ ಮನೆಯ ಒಂದು ಕೆಟ್ಟ ಫೋಟೊ ಹುಡುಕ್ರಿ, ಅದರ ಜೊತೆ ಒಂದು ಗೋಡೆ ಹುಡುಕ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರಿ, ನಮಸ್ಕಾರ.